ಇನ್ನೆರಡು ಸಾವಿರ ಹಾಕಿದರೆ

ಪೇಟೆಯಲ್ಲಿ ಕಿವಿಗೆ ಬೀಳುವ ಮಾತುಗಳಲ್ಲಿ ಅತ್ಯಂತ ದುಬಾರಿ ಯಾವುದು ಎಂದು ಕೇಳಿದರೆ ನಾನು ತಡಮಾಡದೆ ಹೇಳುವುದು ಇದನ್ನೇ: ‘ಇನ್ನೆರಡು ಸಾವಿರ ಹಾಕಿದ್ರೆ...’ ಈ ವಾಕ್ಯವನ್ನು ಯಾರೂ ಪೂರ್ತಿ ಮಾಡುವುದಿಲ್ಲ. ಉಳಿದರ್ಧವನ್ನು ಕೇಳಿಸಿಕೊಂಡವನ ಮನಸ್ಸೇ ತುಂಬಿಕೊಳ್ಳುತ್ತದೆ. ಸೈಟು ಕೊಳ್ಳುವಾಗ ಅದು ಇನ್ನೆರಡು ಲಕ್ಷ, ಸೀರೆಯಂಗಡಿಯಲ್ಲಿ ಇನ್ನೈನೂರು. ಮೊತ್ತ ಬೇರೆ, ದನಿ ಒಂದೇ. ಅಂಗಡಿಯವನು ಹೇಳಿದರೆ ವ್ಯಾಪಾರ ಎಂದು ತಳ್ಳಿಹಾಕಬಹುದು. ನಮ್ಮ ಒಳ್ಳೆಯದನ್ನೇ ಬಯಸುವ ನೆಂಟರು ಹೇಳಿದಾಗ ಬಚಾವಾಗುವುದು ಕಷ್ಟ. ಮಿನಿ ಪಿಸಿ ಕೊಳ್ಳಲು ಹೊರಟವನಂತೂ ಈ ಮಾತಿನಿಂದ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಅಲ್ಲಿ ಪ್ರೊಸೆಸರುಗಳನ್ನು ಒಂದಕ್ಕೊಂದು ಸ್ವಲ್ಪವೇ ಅಂತರದಲ್ಲಿ ಜೋಡಿಸಿಟ್ಟಿರುತ್ತಾರೆ. ಯಾವುದರ ಮೇಲೆ ಕೈಯಿಟ್ಟರೂ ಅದರ ಪಕ್ಕದ್ದು ಒಂದು ಚೂರು ಚೆನ್ನಾಗಿರುತ್ತದೆ, ಒಂದು ಚೂರು ಮಾತ್ರ ದುಬಾರಿಯಾಗಿರುತ್ತದೆ.

ನನಗೆ ಬೇಕಿದ್ದದ್ದು ಟಿವಿಯ ಬೆನ್ನಿಗೆ ಸ್ಕ್ರೂ ಹಾಕಿ ಬಿಗಿಯಬಹುದಾದ, ಅಂಗೈಯಗಲದ ಒಂದು ಕಂಪ್ಯೂಟರು. ಅದಕ್ಕೆ ಎರಡೇ ಕೆಲಸ. ಅಪ್ಪನ ಹಳೆಯ ಸಿನಿಮಾ ತೋರಿಸಬೇಕು, ನನ್ನ ಹಳೆಯ ವಿಡಿಯೋ ಗೇಮು ಆಡಿಸಬೇಕು. ‘ಸ್ಮಾರ್ಟ್ ಟಿವಿ ಇಟ್ಕೊಂಡು ಇದ್ಯಾಕ್ರೀ?’ ಎಂದಳು ಹೆಂಡತಿ. ನ್ಯಾಯವಾದ ಪ್ರಶ್ನೆ. ಉತ್ತರ ಅಪ್ಪನ ಹಾರ್ಡ್ ಡಿಸ್ಕಿನಲ್ಲಿತ್ತು. ವಿಸಿಡಿಗಳ ಕಾಲದಲ್ಲಿ ಒಂದೊಂದಾಗಿ ಕೊಂಡಿದ್ದ ರಾಜ್‌ಕುಮಾರ್ ಸಿನಿಮಾಗಳನ್ನೆಲ್ಲ, ಡಿಸ್ಕುಗಳು ಗೀಚಿ ಹಾಳಾಗುವ ಮೊದಲೇ, ಅಪ್ಪ ಅದರೊಳಕ್ಕೆ ತುಂಬಿಸಿಟ್ಟಿದ್ದರು. 1971ರ ‘ಕಸ್ತೂರಿ ನಿವಾಸ’ ಎರಡು ತುಂಡು, 1972ರ ‘ಬಂಗಾರದ ಮನುಷ್ಯ’ ಮೂರು ತುಂಡು. ಫೋಲ್ಡರು ತೆರೆದು ನೋಡಿದರೆ ಒಳಗಿರುವ ಫೈಲಿಗೆಲ್ಲ ಒಂದೇ ಹೆಸರು: ‘ಎವಿಎಸ್‌ಇಕ್ಯೂ01 ಡಾಟ್ ಡಿಎಟಿ’. ವಿಸಿಡಿ ಪದ್ಧತಿಯಲ್ಲಿ ಡಾ. ರಾಜ್ ಆದರೂ ಅಷ್ಟೇ, ಪಕ್ಕದ ಮನೆಯ ಮದುವೆ ಕ್ಯಾಸೆಟ್ಟಾದರೂ ಅಷ್ಟೇ, ಎಲ್ಲರೂ ಎವಿಎಸ್‌ಇಕ್ಯೂ. ನಮ್ಮ ಟಿವಿ ಆ ಹೆಸರು ಕಂಡ ಕೂಡಲೇ ‘ಈ ಫೈಲ್ ತೆರೆಯಲಾಗುವುದಿಲ್ಲ’ ಎಂದು ಕೈಯೆತ್ತಿತು. ಯಾವ ಹಳೆಯ ಫೈಲು ಕೊಟ್ಟರೂ ತಕರಾರಿಲ್ಲದೆ ತೆರೆಯುವ ಕೋಡಿ ಎಂಬ ತಂತ್ರಾಂಶವಿದೆ. ಅದನ್ನು ಹಾಕಲು ಒಂದು ಯಂತ್ರ ಬೇಕು. ಅಷ್ಟೇ ವಿಷಯ.

ಕೋಡಿಯ ಪೂರ್ವಾಶ್ರಮ ತಿಳಿದಾಗ ನನ್ನ ಯೋಜನೆಗೆ ಆನೆಬಲ ಬಂತು. ಈಗ ಸಿನಿಮಾ ತೋರಿಸುವ ಈ ಸಾಧು ಹುಟ್ಟಿದ್ದು ಗೇಮ್ ಆಡುವ ಡಬ್ಬದಲ್ಲಿ. ಮೈಕ್ರೋಸಾಫ್ಟಿನ ಮೊದಲ ಎಕ್ಸ್‌ಬಾಕ್ಸನ್ನು ಬಿಚ್ಚಿ ತಿದ್ದಿ ಅದರಲ್ಲಿ ಸಿನಿಮಾ ನೋಡಬೇಕೆಂದವರು ಬರೆದ ‘ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್’ ಅದು; 2014ರಲ್ಲಿ ಕೋಡಿ ಎಂದು ಹೆಸರು ಬದಲಾಯಿಸಿಕೊಂಡಿತು. ಆಟ ಮತ್ತು ಸಿನಿಮಾ ಒಂದೇ ಪೆಟ್ಟಿಗೆಯಲ್ಲಿರುವುದು ಶಾಸ್ತ್ರಸಮ್ಮತ ಎಂದು ಮನೆಯಲ್ಲಿ ವಾದಿಸಲು ಇಷ್ಟು ಸಾಕಾಯಿತು.

ಇನ್ನು ಪ್ರೊಸೆಸರ್. ಇಲ್ಲಿ ಮೊದಲು ಕಾಡುವುದು ಹೆಸರು. ಒಂದು ಕಾಲದಲ್ಲಿ ‘ನಮ್ಮನೇಲಿ ಪೆಂಟಿಯಮ್ ಫೋರ್ ಇದೆ’ ಎಂದರೆ ಬೀಗರೂ ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. 2022ರಲ್ಲಿ ಇಂಟೆಲ್ ಕಂಪನಿ ಪೆಂಟಿಯಮ್, ಸೆಲೆರಾನ್ ಎಂಬ ಎರಡೂ ಹೆಸರುಗಳನ್ನು ಲ್ಯಾಪ್‌ಟಾಪಿನ ಸಾಲಿನಿಂದ ಕೈಬಿಡುವುದಾಗಿ ಹೇಳಿ, ಅವುಗಳ ಬದಲಿಗೆ ಇಟ್ಟ ಹೊಸ ಹೆಸರು ‘ಇಂಟೆಲ್ ಪ್ರೊಸೆಸರ್’. ಹೆಸರಿಡುವ ಮೀಟಿಂಗಿನಲ್ಲಿ ಕಾಫಿ ಬೇಗ ಮುಗಿದಿತ್ತೋ ಏನೋ. 2023ರ ಆರಂಭದಲ್ಲಿ ಬಂದು ಮಿನಿ ಪಿಸಿಗಳ ಲೋಕವನ್ನೇ ಆಳಿದ ಚಿಪ್ಪಿನ ಪೂರ್ತಿ ನಾಮಧೇಯ ‘ಇಂಟೆಲ್ ಪ್ರೊಸೆಸರ್ ಎನ್100’. ನಾಲ್ಕು ಕೋರು, ಹೆಚ್ಚೆಂದರೆ 3.4 ಗಿಗಾಹರ್ಟ್ಸ್ ವೇಗ, 6 ವ್ಯಾಟು. 2015ರಲ್ಲಿ ಜನ ಹೆಮ್ಮೆಯಿಂದ ಟೇಬಲ್ಲಿನ ಮೇಲಿಡುತ್ತಿದ್ದ ಆರನೇ ತಲೆಮಾರಿನ, 65 ವ್ಯಾಟಿನ ಐ5 ಮಾಡುತ್ತಿದ್ದಷ್ಟು ಕೆಲಸವನ್ನು ಇದು ಹೆಚ್ಚುಕಡಿಮೆ ಮಾಡುತ್ತದೆ.

ಆದರೆ ಎನ್100 ಒಂದೇ ಇದ್ದರೆ ತಾನೆ? ಎನ್95 ಇದೆ, ಎನ್97 ಇದೆ, 2025ರಲ್ಲಿ ಬಂದ ಎನ್150 ಇದೆ. ತೊಂಬತ್ತೇಳಕ್ಕಿಂತ ನೂರು ದೊಡ್ಡದು ಎಂದು ಒಂದನೇ ಕ್ಲಾಸಿನ ಮಿಸ್ಸು ಕಲಿಸಿದ್ದು ಇಲ್ಲಿ ನಡೆಯುವುದಿಲ್ಲ. ಎನ್97 ವೇಗ 3.6 ಗಿಗಾಹರ್ಟ್ಸ್, ಅಂದರೆ ನೂರಕ್ಕಿಂತ ಮುಂದೆ. ಅದರ ಗ್ರಾಫಿಕ್ಸ್ ಕೂಡ ಹೆಚ್ಚು ಚುರುಕು. ಕುಡಿಯುವುದೂ ಎರಡರಷ್ಟು, 12 ವ್ಯಾಟು. ಎನ್95 ಎಲ್ಲರಿಗಿಂತ ಚಿಕ್ಕ ಸಂಖ್ಯೆ ಹೊತ್ತು 15 ವ್ಯಾಟು ಕುಡಿಯುತ್ತದೆ, ಗ್ರಾಫಿಕ್ಸ್ ಘಟಕಗಳು ಮಾತ್ರ ಅದಕ್ಕೆ 24ರ ಬದಲು 16. ಎನ್150 ಎಂದರೆ ಎನ್100ಕ್ಕೇ ಇನ್ನೂರು ಮೆಗಾಹರ್ಟ್ಸ್ ವೇಗವನ್ನೂ ಗ್ರಾಫಿಕ್ಸಿಗೆ ಸ್ವಲ್ಪ ಚುರುಕನ್ನೂ ಸೇರಿಸಿ, ಸಂಖ್ಯೆಗೆ ಮಾತ್ರ ಧಾರಾಳವಾಗಿ ಐವತ್ತು ಕೂಡಿಸಿದ್ದು.

ಎದುರು ಪಾಳೆಯದ ಎಎಂಡಿಯದು ಇನ್ನೊಂದು ಲೀಲೆ. 2023ರಿಂದ ಅವರು ಲ್ಯಾಪ್‌ಟಾಪ್ ಚಿಪ್ಪಿಗೆ ನಾಲ್ಕಂಕಿ ಸಂಖ್ಯೆ ಕೊಡುವ ಹೊಸ ಕ್ರಮ ತಂದರು. ಮೊದಲ ಅಂಕಿ ಅಂಗಡಿಗೆ ಬಂದ ವರ್ಷ ಹೇಳುತ್ತದೆ. ಒಳಗಿನ ವಿನ್ಯಾಸ ಯಾವ ಕಾಲದ್ದು ಎಂಬುದು ಮೂರನೆಯ ಅಂಕಿಯಲ್ಲಿ ಅಡಗಿ ಕೂತಿದೆ. 7520ಯು ಎಂದರೆ ಝೆನ್ 2, 7730ಯು ಎಂದರೆ ಝೆನ್ 3, 7840ಎಚ್‌ಎಸ್ ಎಂದರೆ ಝೆನ್ 4. ಮೂರೂ ‘ಏಳು ಸಾವಿರ’ದ ಮನೆತನವೇ. ಗೊತ್ತಿಲ್ಲದವರು ಹೊಸದೆಂದು ಕೊಂಡ 7730ಯು ಒಳಗೆ, ಹಿಂದಿನ ವರ್ಷ 5825ಯು ಎಂಬ ಹೆಸರಿನಲ್ಲಿ ಓಡಾಡಿಕೊಂಡಿದ್ದ ಹಳೆಯ ಆಸಾಮಿಯೇ ಕಣ್ಣುಮಿಟುಕಿಸುತ್ತಿರುತ್ತಾನೆ.

ಇಂಥ ಹೊತ್ತಿನಲ್ಲಿ ಭಾಮೈದ ಬಂದ. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸ. ಎಲೆಕ್ಟ್ರಾನಿಕ್ಸ್ ಎಂದರೆ ಊಟ ಬಿಟ್ಟು ಕೂರುವವನು.

‘ಭಾವ, ಎನ್100 ಒಳ್ಳೇದೇ. ಆದ್ರೆ ಇನ್ನೆರಡು ಸಾವಿರ ಹಾಕಿದ್ರೆ ಎನ್150 ಬರುತ್ತಲ್ಲ?’

‘ಬರ್ಲಿ.’

‘ಎನ್150 ತನಕ ಬಂದ್ಮೇಲೆ, ಸ್ವಲ್ಪ ಮನಸ್ಸು ಮಾಡಿದ್ರೆ ಎನ್305. ಎಂಟು ಕೋರು.’

ಎಂಟು ಕೋರು ಇಟ್ಟುಕೊಂಡು ನಾನು ಮಾಡುವುದೇನು ಎಂದು ಕೇಳುವಷ್ಟರಲ್ಲಿ ಅವನು ಎಎಂಡಿಯ ರೈಜನ್ 5825ಯು ತಲುಪಿದ್ದ. ಅದರಲ್ಲೂ ಎಂಟು ಕೋರು, ಆದರೆ ಒಂದೊಂದೂ ದಾಂಡಿಗ. ಅಲ್ಲಿಂದ 6800ಎಚ್, ಯಾಕೆಂದರೆ ಅದರಲ್ಲಿರುವ 680ಎಂ ಗ್ರಾಫಿಕ್ಸ್ ಮುಂದೆ 5825ಯುನ ಹಳೆಯ ವೆಗಾ ನಿಲ್ಲುವುದಿಲ್ಲ. ಇಷ್ಟು ದೂರ ಬಂದು 780ಎಂ ಇರುವ 7840ಎಚ್‌ಎಸ್ ಬಿಡುವುದು ಪಾಪ. ಅಷ್ಟೊತ್ತಿಗೆ ಲೆಕ್ಕ ಅರವತ್ತು ಸಾವಿರ ದಾಟಿತ್ತು. ‘ಇಷ್ಟು ಕೊಡೋದಾದ್ರೆ ಭಾವ, ಒಂದು ದೊಡ್ಡ ಕ್ಯಾಬಿನೆಟ್ ತಗೊಂಡು ಅದಕ್ಕೊಂದು ಗ್ರಾಫಿಕ್ಸ್ ಕಾರ್ಡೇ ಹಾಕ್ಬೋದಲ್ವಾ?’ ಎಂದ. ಹೊರಟಾಗ ಮಿನಿ ಪಿಸಿಯಾಗಿದ್ದದ್ದು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಮಿನಿ ಕಳೆದುಕೊಂಡು ಬರೀ ಪಿಸಿಯಾಗಿ ನಿಂತಿತು.

ಮನೆಯವರನ್ನು ಒಬ್ಬೊಬ್ಬರಾಗಿ ಕೇಳುವುದು ಮೇಲೆಂದುಕೊಂಡೆ. ಹೆಂಡತಿಯ ಬೇಡಿಕೆ ಸ್ಪಷ್ಟವಾಗಿತ್ತು. ಸದ್ದು ಬರಬಾರದು. ವೈರು ಕಾಣಬಾರದು. ಇನ್ನೊಂದು ರಿಮೋಟ್ ಬರಬಾರದು. ಮೊದಲನೆಯದಕ್ಕೆ ಕಡಿಮೆ ವ್ಯಾಟಿನ ಚಿಪ್ಪೇ ಮದ್ದು. ಕಾವು ಕಡಿಮೆಯಾದರೆ ಫ್ಯಾನಿನ ಗೊರಗೊರವೂ ಕಡಿಮೆ, ಎನ್100 ಹಾಕಿದ ಕೆಲವು ಡಬ್ಬಗಳಲ್ಲಿ ಫ್ಯಾನೇ ಇರುವುದಿಲ್ಲ. ಎರಡನೆಯದು ಬಡಗಿಯ ಕೆಲಸ. ಮೂರನೆಯದಕ್ಕೆ ಮಾತ್ರ ಜಗತ್ತಿನ ಯಾವ ಪ್ರೊಸೆಸರಿನಲ್ಲೂ ಉತ್ತರವಿಲ್ಲ. ಟಿವಿಯ ರಿಮೋಟನ್ನೇ ಎಚ್‌ಡಿಎಂಐ ವೈರಿನ ಮೂಲಕ ಇನ್ನೊಂದು ಯಂತ್ರಕ್ಕೂ ಬಳಸುವ ಸಿಇಸಿ ಎಂಬ ಸೌಲಭ್ಯವಿದೆ. ಕಡಿಮೆ ಬೆಲೆಯ ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಅದು ಸಲೀಸಾಗಿ ಸಿಗುತ್ತದೆ, ಅದಕ್ಕಿಂತ ದುಬಾರಿಯಾದ ಬಹುಪಾಲು ಮಿನಿ ಪಿಸಿಗಳಲ್ಲಿ ಇಲ್ಲ. ದೊಡ್ಡವರ ಮನೆಯಲ್ಲಿ ಇಂಥ ಸಣ್ಣ ಸಾಮಾನು ಸಿಗುವುದು ಯಾವಾಗಲೂ ಕಷ್ಟ.

ಅಪ್ಪ ಕೆಇಬಿಯಲ್ಲಿ ಇದ್ದವರು. ಅದು ಕೆಪಿಟಿಸಿಎಲ್ ಆಗಿ, ನಮ್ಮ ಕಡೆಗೆ ಬೆಸ್ಕಾಂ ಆಗಿ, ಬೋರ್ಡು ಎಷ್ಟು ಸಲ ಬದಲಾದರೂ ಅವರ ಬಾಯಲ್ಲಿ ಇಂದಿಗೂ ಕೆಇಬಿ. ಮನೆಗೆ ಬರುವ ಯಾವ ಸಾಮಾನಿಗೂ ಅವರು ಕೇಳುವುದು ಒಂದೇ ಪ್ರಶ್ನೆ:

‘ಎಷ್ಟು ವ್ಯಾಟು?’

‘ಆರು ಅಪ್ಪಾ.’

‘ಆರು ಅಂತ ಎಲ್ಲಿ ಬರೆದಿದೆ? ಚಿಪ್ಪಿನ ಮೇಲೋ, ಪ್ಲಗ್ಗಿನ ಹತ್ರಾನೋ?’

ಇಷ್ಟು ದಿನ ಓದಿದ್ದರಲ್ಲೆಲ್ಲ ನನಗೆ ಸಿಗದ ಪ್ರಶ್ನೆ ಅದು. ಚಿಪ್ಪಿಗೆ ಬರೆದಿರುವ ವ್ಯಾಟು ಅದರ ಕಾವನ್ನು ಎಷ್ಟಕ್ಕೆ ಹಿಡಿದಿಡಬೇಕು ಎಂಬುದಕ್ಕೆ ತಯಾರಕರು ಕೊಡುವ ಅಂದಾಜು. ಡಬ್ಬ ಮಾಡುವ ಕಂಪನಿಗಳು ವೇಗ ಬರಲೆಂದು ಅದನ್ನು ಹತ್ತಕ್ಕೋ ಹದಿನೈದಕ್ಕೋ ಏರಿಸಿಟ್ಟಿರುತ್ತವೆ. ರ‍್ಯಾಮು, ಡಿಸ್ಕು, ವೈಫೈ, ಅಡಾಪ್ಟರಿನ ನಷ್ಟ ಇವೆಲ್ಲ ಬೇರೆ. ಗೋಡೆಯ ಪ್ಲಗ್ಗಿಗೆ ಗೊತ್ತಿರುವ ಸತ್ಯ ಡಬ್ಬದ ಮೇಲಿನ ಸ್ಟಿಕರಿಗೆ ಗೊತ್ತಿರುವುದಿಲ್ಲ. ಗೃಹಜ್ಯೋತಿ ಬಂದ ಮೇಲೆ ಅಪ್ಪನ ಕಾವಲು ಇನ್ನೂ ಬಿಗಿಯಾಗಿದೆ. 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು, ಅದೂ 200 ಯೂನಿಟ್ಟಿನ ಒಳಗಿದ್ದರೆ ಬಿಲ್ಲು ಸೊನ್ನೆ. ಆ ಶೇ. 10ರ ಅಂಚಿನಲ್ಲಿ ನಮ್ಮ ಮನೆ ನಡೆಯುತ್ತಿದೆ. ದಿನವಿಡೀ ಚಾಲೂ ಇರುವ ಹೊಸ ಯಂತ್ರ ಎಂದರೆ ಅವರು ಕನ್ನಡಕ ಹಾಕಿಕೊಳ್ಳುತ್ತಾರೆ.

ಅಪ್ಪನ ಸಿನಿಮಾಕ್ಕೆ ಎಂಥ ಪ್ರೊಸೆಸರ್ ಬೇಕು ಎಂಬ ಲೆಕ್ಕ ಹಾಕಿದರೆ ನಗು ಬರುತ್ತದೆ. ವಿಸಿಡಿಯ ಚಿತ್ರ ಅಗಲಕ್ಕೆ 352, ಎತ್ತರಕ್ಕೆ 288 ಚುಕ್ಕಿ. 4ಕೆ ಪರದೆಯಲ್ಲಿರುವುದು 3840 ಮತ್ತು 2160. ಅಂದರೆ ಬಂಗಾರದ ಮನುಷ್ಯನ ರಾಜೀವಪ್ಪನ ಒಂದೊಂದು ಚುಕ್ಕಿಗೂ ಟಿವಿ ಎಂಬತ್ತು ಚುಕ್ಕಿಗಳನ್ನು ತನ್ನ ಕೈಯಿಂದ ತುಂಬಿಸಿಕೊಡಬೇಕು. ಇದನ್ನು ತೆರೆಯಲು ಎನ್100 ಕೂಡ ಹೆಚ್ಚಾಯಿತು. ಪೆಂಟಿಯಮ್ ಕಾಲದ ಕಂಪ್ಯೂಟರುಗಳೇ ತೆರೆಯುತ್ತಿದ್ದವು.

ಹೊಸ ಕಾಲದ ವಿಡಿಯೋ ಮಾತ್ರ ಬೇರೆ ಜಾತಿಯದು. ಅದನ್ನು ಹಿಂಡಿ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತಾರೆ, ಬಿಡಿಸಿ ತೋರಿಸುವುದು ನಮ್ಮ ಮನೆಯ ಯಂತ್ರದ ಪಾಡು. ಎಚ್‌ಇವಿಸಿ, ವಿಪಿ9, 2018ರಲ್ಲಿ ಬಂದ ಎವಿ1 ಇವೆಲ್ಲ ಹಿಂಡುವ ವಿಧಾನಗಳ ಹೆಸರು. ಯೂಟ್ಯೂಬಿನಲ್ಲಿ ಈಗ ಕೊನೆಯೆರಡರದೇ ಓಡಾಟ. ಇವನ್ನು ಬಿಡಿಸಲೆಂದೇ ಚಿಪ್ಪಿನ ಮೂಲೆಯಲ್ಲಿ ಪ್ರತ್ಯೇಕ ಭಾಗವೊಂದಿರುತ್ತದೆ. ಅದಿದ್ದರೆ ಕೋರುಗಳು ನಿದ್ದೆ ಮಾಡುತ್ತಿದ್ದರೂ 4ಕೆ ಸಿನಿಮಾ ನಡೆಯುತ್ತದೆ. ಅದಿಲ್ಲದಿದ್ದರೆ ಕೋರುಗಳೇ ಎದ್ದು ಬೆವರು ಸುರಿಸಬೇಕು, ಫ್ಯಾನು ಕಿರುಚಬೇಕು. ಭಾಮೈದನ ಏಣಿಯಲ್ಲಿ ಒಂದು ಮೆಟ್ಟಿಲು ಕೊಳೆತಿರುವುದು ನನಗೆ ಕಂಡದ್ದು ಇಲ್ಲೇ. ಅಗ್ಗದ ಎನ್100ರಲ್ಲಿ ಎವಿ1 ಬಿಡಿಸುವ ಭಾಗವಿದೆ. ಅದಕ್ಕಿಂತ ಸಾವಿರಾರು ರೂಪಾಯಿ ಹೆಚ್ಚು ಬೆಲೆಯ ರೈಜನ್ 5825ಯುನಲ್ಲಿ ಇಲ್ಲ. ಹೊಸ ಹೆಸರು ಹೊತ್ತ 7730ಯುನಲ್ಲೂ ಇಲ್ಲ. ಅದು ಬೇಕೆಂದರೆ 680ಎಂ ಇರುವ ಮೆಟ್ಟಿಲಿಗೆ ನೆಗೆಯಬೇಕು.

ಭಾಮೈದನಿಗೆ ಇದನ್ನು ತೋರಿಸಿದೆ. ಅವನು ಒಂದು ನಿಮಿಷ ಸುಮ್ಮನಿದ್ದು, ‘ಸಿನಿಮಾ ಬಿಡಿ ಭಾವ. ಗೇಮಿಂಗ್?’ ಎಂದ.

ಗೇಮಿಂಗ್ ಎಂದರೆ ನನಗೆ ಮುಸ್ತಫಾ. ತೊಂಬತ್ತರ ದಶಕದಲ್ಲಿ ಬಡಾವಣೆಯ ವಿಡಿಯೋ ಗೇಮ್ ಅಂಗಡಿಯಲ್ಲಿ ಕಾಯಿನ್ ಹಾಕಿ ಆಡಿದವರಿಗೆಲ್ಲ ಗೊತ್ತು. ಬಾಗಿಲಿಗೆ ಕೊಳಕು ಪರದೆ, ಒಳಗೆ ಕತ್ತಲು, ಆಡುವವನೊಬ್ಬ, ಅವನ ಹೆಗಲ ಮೇಲಿಂದ ಬಗ್ಗಿ ಸಲಹೆ ಕೊಡುವವರು ಐದು ಜನ. ಆ ಆಟದ ನಿಜವಾದ ಹೆಸರು ‘ಕ್ಯಾಡಿಲ್ಯಾಕ್ಸ್ ಆ್ಯಂಡ್ ಡೈನೋಸಾರ್ಸ್’, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಮಾಡಿದ್ದು. ನಾಲ್ಕು ಪಾತ್ರಗಳಲ್ಲಿ ಮುಸ್ತಫಾ ಒಬ್ಬ. ಅವನ ಓಡಿಬಂದು ಒದೆಯುವ ಒದೆತಕ್ಕೆ ನಮ್ಮ ದೇಶ ಎಷ್ಟು ಮರುಳಾಯಿತೆಂದರೆ ಕ್ಯಾಡಿಲ್ಯಾಕೂ ಹೋಯಿತು, ಡೈನೋಸಾರೂ ಹೋಯಿತು, ಆಟಕ್ಕೇ ಮುಸ್ತಫಾ ಎಂದು ಹೆಸರಾಯಿತು. ಆ ಪೆಟ್ಟಿಗೆಯೊಳಗೆ ಇದ್ದದ್ದು ಮೋಟೊರೋಲಾ 68000 ಎಂಬ ಚಿಪ್ಪು. 1979ರದ್ದು, 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಇದ್ದದ್ದೂ ಅದೇ.

ಮನೆಯ ಟಿವಿಗೆ ಸಿಕ್ಕಿಸುತ್ತಿದ್ದ, ಹಳದಿ ಕ್ಯಾಸೆಟ್ಟಿನ ಟಿವಿ ಗೇಮ್ ಇನ್ನೂ ಸರಳ. ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊದ ಫ್ಯಾಮಿಕಾಮನ್ನು ಯಾರು ಯಾರೋ ನಕಲು ಮಾಡಿ ನಮ್ಮಲ್ಲಿಗೆ ತಲುಪಿಸಿದ್ದರು. ಕ್ಯಾಸೆಟ್ಟಿನ ಮೇಲೆ ‘99999 ಆಟಗಳು’ ಎಂದಿರುತ್ತಿತ್ತು. ಒಳಗೆ ಮಾರಿಯೋ, ಕಾಂಟ್ರಾ ಮತ್ತು ಅವುಗಳದೇ ಪುನರ್ಜನ್ಮಗಳು. ಅಸಲಿ ಫ್ಯಾಮಿಕಾಮಿನ ವೇಗ 1.79 ಮೆಗಾಹರ್ಟ್ಸ್. ಎನ್100ರ ಓಟ ಇದರ ಸುಮಾರು 1900 ಪಟ್ಟು. 1985ರ ಸೂಪರ್ ಮಾರಿಯೋ ಪೂರ್ತಿ ಆಟ, ಅಷ್ಟೂ ಕೋಟೆ, ಆಮೆ, ಅಣಬೆ, ಸಂಗೀತ ಎಲ್ಲ ಸೇರಿ 40 ಕಿಲೋಬೈಟ್. ನಮ್ಮ ದೊಡ್ಡಪ್ಪ ಬೆಳಗಾಗುತ್ತಲೇ ವಾಟ್ಸಾಪಿನಲ್ಲಿ ಕಳಿಸುವ ಶುಭೋದಯದ ಗುಲಾಬಿ ಹೂವು ಅದಕ್ಕಿಂತ ಭಾರ.

‘ಹಾಗಾದ್ರೆ ಯಾವ ಪ್ರೊಸೆಸರ್ ಆದ್ರೂ ಆಗುತ್ತೆ ಅನ್ನಿ’ ಎಂದು ಯಾರಾದರೂ ಅಂದಾರು. ಅಷ್ಟು ಸುಲಭವೂ ಅಲ್ಲ. ಹಳೆಯ ಆಟ ಹೊಸ ಯಂತ್ರದಲ್ಲಿ ನೇರವಾಗಿ ಓಡುವುದಿಲ್ಲ. ಎಮ್ಯುಲೇಟರ್ ಎಂಬ ತಂತ್ರಾಂಶ ಹಳೆಯ ಪೆಟ್ಟಿಗೆಯ ವೇಷ ಹಾಕಿ ಕುಣಿಯಬೇಕು. ಅದರ ಪ್ರೊಸೆಸರ್ ತಾನೇ, ಚಿತ್ರದ ಚಿಪ್ಪು ತಾನೇ, ಸದ್ದಿನ ಚಿಪ್ಪೂ ತಾನೇ. ಸೆಕೆಂಡಿಗೆ ಅರವತ್ತು ಚಿತ್ರ ಬರಬೇಕಾದ್ದರಿಂದ ಈ ಏಕಪಾತ್ರಾಭಿನಯದ ಒಂದೊಂದು ಸುತ್ತನ್ನೂ ಸುಮಾರು 16.7 ಮಿಲಿಸೆಕೆಂಡಿನೊಳಗೆ ಮುಗಿಸಬೇಕು. ತಡವಾದರೆ ಮಾರಿಯೋ ಗಂಟುನೋವು ಬಂದವನಂತೆ ಹಾರುತ್ತಾನೆ. ಒಂದು ಹೆಜ್ಜೆಯ ಫಲ ಬರುವವರೆಗೆ ಮುಂದಿನ ಹೆಜ್ಜೆ ಇಡುವಂತಿಲ್ಲ, ಹಾಗಾಗಿ ಕೆಲಸವನ್ನು ಎಂಟು ಕೋರಿಗೆ ಹಂಚಿಕೊಟ್ಟು ಕೈತೊಳೆದುಕೊಳ್ಳಲಾಗದು. ಒಂದೇ ಕೋರು ಎಷ್ಟು ಚುರುಕು ಎಂಬುದೇ ಮುಖ್ಯ. ಎನ್305ರ ಎಂಟು ಕೋರು ನನ್ನ ಮನಸ್ಸಿನಿಂದ ಇಳಿದುಹೋದದ್ದು ಇದು ತಿಳಿದ ಮೇಲೆ. ಸೂಪರ್ ನಿಂಟೆಂಡೊದ 3.58 ಮೆಗಾಹರ್ಟ್ಸ್ ಚಿಪ್ಪನ್ನು ಕೂದಲೆಳೆಯಷ್ಟೂ ತಪ್ಪದೆ ಅನುಕರಿಸಬೇಕಾದರೆ 3 ಗಿಗಾಹರ್ಟ್ಸಿನ ಯಂತ್ರ ಬೇಕು ಎಂದು ಬಿಎಸ್‌ನೆಸ್ ಎಂಬ ಎಮ್ಯುಲೇಟರ್ ಬರೆದವರು 2011ರಲ್ಲೇ ವಿವರಿಸಿದ್ದರು. ಅಷ್ಟು ಮಡಿ ಬೇಡವೆನ್ನುವವರಿಗೆ ಅದರ ಒಂದು ಪಾಲೂ ಸಾಕು.

ಎನ್100 ಇದರಲ್ಲಿ ಎಲ್ಲಿಯವರೆಗೆ ಬರುತ್ತದೆ? ಫ್ಯಾಮಿಕಾಮ್, ಸೂಪರ್ ನಿಂಟೆಂಡೊ, ಸೆಗಾ, ಮುಸ್ತಫಾ, ಪ್ಲೇಸ್ಟೇಷನ್ 1, ಡ್ರೀಮ್‌ಕಾಸ್ಟ್, ಪಿಎಸ್‌ಪಿ, ಇಷ್ಟನ್ನೂ ಆಕಳಿಸುತ್ತಲೇ ನಡೆಸುತ್ತದೆ. ಗೇಮ್‌ಕ್ಯೂಬ್ ಬಹುಮಟ್ಟಿಗೆ. ಗಡಿ ಇರುವುದು 2000ದಲ್ಲಿ ಬಂದ ಪ್ಲೇಸ್ಟೇಷನ್ 2ರ ಹತ್ತಿರ. ಹಗುರ ಆಟಗಳು ನಡೆಯುತ್ತವೆ. 2005ರ ‘ಗಾಡ್ ಆಫ್ ವಾರ್’ನಂಥ ಭಾರಿ ಆಟ ಹಾಕಿದರೆ ತೇಕುತ್ತದೆ. ಅಲ್ಲಿಗೆ ರೈಜನ್ ಬೇಕು, ಅದಕ್ಕೆ ಒಂದರ ಬದಲು ಎರಡು ರ‍್ಯಾಮ್ ಕಡ್ಡಿ ಬೇಕು, ಏಕೆಂದರೆ ಒಳಗಿನ ಗ್ರಾಫಿಕ್ಸಿಗೆ ಸ್ವಂತ ನೆನಪಿಲ್ಲ, ರ‍್ಯಾಮಿನಿಂದಲೇ ಕಡ ತರಬೇಕು, ತರುವ ದಾರಿ ಎರಡಿದ್ದರೆ ಚಿತ್ರ ಬೇಗ ಬರುತ್ತದೆ. ಎನ್100ಕ್ಕೆ ಹುಟ್ಟಿನಿಂದಲೇ ಒಂದು ದಾರಿ.

‘ನೋಡಿ, ನಾನು ಹೇಳ್ಲಿಲ್ವಾ’ ಎಂದ ಭಾಮೈದ ಗೆದ್ದ ಮುಖದಲ್ಲಿ. ‘ಪಿಎಸ್2 ಇಲ್ದೆ ರೆಟ್ರೋ ಗೇಮಿಂಗ್ ಏನ್ ಬಂತು?’

‘ನಿಮ್ಮನೇಲಿ ಪಿಎಸ್2 ಇತ್ತೇನೋ?’

‘ಇರ್ಲಿಲ್ಲ.’

‘ಮತ್ತೇನು ಆಡ್ತಿದ್ದೆ?’

‘ಪಿಸಿನಲ್ಲಿ. ರೋಡ್ ರ‍್ಯಾಶ್, ವೈಸ್ ಸಿಟಿ, ಸಿಎಸ್.’

ಅವು ಪಿಸಿಯ ಆಟಗಳೇ. ಎಮ್ಯುಲೇಟರಿನ ವೇಷವೇ ಬೇಡ, ಎನ್100 ಅವನ್ನು ನೇರವಾಗಿ ನಡೆಸುತ್ತದೆ. ಹಾಗಾದರೆ ಪಿಎಸ್2 ಯಾರದ್ದು? ಒತ್ತಿ ಕೇಳಿದಾಗ ಹೊರಬಂತು. ಹೈಸ್ಕೂಲಿನಲ್ಲಿ ಜೊತೆಗಿದ್ದ ಒಬ್ಬ ಹುಡುಗನ ಮನೆಯಲ್ಲಿತ್ತಂತೆ. ಭಾನುವಾರ ಏಳೆಂಟು ಮಂದಿ ಹೋಗಿ ಕೂರುತ್ತಿದ್ದರಂತೆ. ಕಂಟ್ರೋಲರು ಎರಡು, ಆ ಹುಡುಗನ ತಮ್ಮನೂ ಆಡುತ್ತಿದ್ದನಾದ್ದರಿಂದ ಉಳಿದವರಿಗೆ ಸರದಿ ಬರುವುದರೊಳಗೆ ಅವನ ಅಮ್ಮ ಊಟಕ್ಕೆ ಕರೆಯುತ್ತಿದ್ದರಂತೆ.

ಪ್ರೊಸೆಸರುಗಳ ಬೆಲೆಪಟ್ಟಿಯ ಅರ್ಥ ನನಗೆ ಪೂರ್ತಿ ಹೊಳೆದದ್ದು ಆ ಕ್ಷಣದಲ್ಲಿ. ನಮ್ಮ ಬಾಲ್ಯದಲ್ಲಿ ಇದ್ದದ್ದನ್ನು ನಡೆಸಲು ಆರು ವ್ಯಾಟು ಸಾಕು. ಇಲ್ಲದ್ದನ್ನು ನಡೆಸಲು ಅರವತ್ತು ಸಾವಿರ ಬೇಕು. ಎಮ್ಯುಲೇಟರಿನ ಮುಂದೆ ಕೂತವರಲ್ಲಿ ಅರ್ಧ ಜನ ತಾವು ಆಡಿದ್ದನ್ನು ಮತ್ತೆ ಆಡುತ್ತಾರೆ. ಇನ್ನರ್ಧ ಜನ ಬೇರೆಯವರು ಆಡುವುದನ್ನು ನಿಂತು ನೋಡಿದ್ದನ್ನು ಮೊದಲ ಸಲ ಆಡುತ್ತಾರೆ. ಎರಡನೆಯವರ ಬಿಲ್ಲು ಯಾವಾಗಲೂ ದೊಡ್ಡದು.

ನಾನು ಎಸ್.ಪಿ. ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂದರೆ ಆಟೋದವರೇ ತಬ್ಬಿಬ್ಬಾಗುತ್ತಾರೆ, ಎಸ್.ಪಿ. ರೋಡ್ ಎಂದರೆ ಇಡೀ ರಾಜ್ಯಕ್ಕೆ ಗೊತ್ತು. ಕೇಬಲ್ಲಿನ ತೋರಣ, ಕೀಬೋರ್ಡಿನ ಗುಡ್ಡ, ಸಂದಿಯಲ್ಲೊಂದು ಸಂದಿ. ಕಿರಿದಾದ ಮೆಟ್ಟಿಲು ಹತ್ತಿ ಒಂದು ಅಂಗಡಿಗೆ ಹೋದರೆ, ಕೌಂಟರಿನಲ್ಲಿದ್ದವನು ತಲೆಯೆತ್ತದೆ ಕೇಳಿದ:

‘ಆಫೀಸ್‌ಗಾ ಸಾರ್, ಗೇಮಿಂಗಾ?’

‘ಮುಸ್ತಫಾ’ ಎಂದೆ.

ತಲೆ ಎದ್ದಿತು. ಕಿವಿಯ ಪಕ್ಕ ನರೆ, ನನ್ನದೇ ವಯಸ್ಸು.

‘ಯಾವ ಏರಿಯಾ ಸಾರ್ ನಿಮ್ದು?’

ಹೇಳಿದೆ. ಅವನದು ಅಲ್ಲಿಂದ ಎರಡು ಬಸ್‌ಸ್ಟಾಪ್ ಆಚೆ. ಅಲ್ಲಿನ ಅಂಗಡಿಯಲ್ಲಿ ಬಲಗಡೆಯ ಜಾಯ್‌ಸ್ಟಿಕ್ ಸದಾ ಕೆಟ್ಟಿರುತ್ತಿತ್ತಂತೆ, ಹಾಗಾಗಿ ಎರಡನೇ ಆಟಗಾರ ಎಡಕ್ಕೆ ತಿರುಗಲಾಗದೆ ಸಾಯುತ್ತಿದ್ದನಂತೆ. ರೈಜನ್ ತುಂಬಿದ ಕಪಾಟು ಅವನ ಬೆನ್ನ ಹಿಂದೆಯೇ ಇತ್ತು. ಅದರತ್ತ ತಿರುಗಿಯೂ ನೋಡಲಿಲ್ಲ. ಕೆಳಗಿನ ಡ್ರಾಯರಿನಿಂದ ಎನ್100 ಡಬ್ಬ ತೆಗೆದು ಮುಂದಿಟ್ಟ. ‘ಅದಕ್ಕೆ ಇದೇ ಜಾಸ್ತಿ ಆಯ್ತು ಸಾರ್. ಒಂದೇ ರ‍್ಯಾಮ್ ಸ್ಲಾಟು, 16 ಜಿಬಿ ಹಾಕ್ಬಿಡಿ, ಮುಗೀತು. ಮಿಕ್ಕಿದ್ದಕ್ಕೆ ಒಳ್ಳೆ ಜಾಯ್‌ಸ್ಟಿಕ್ ತಗೊಳ್ಳಿ.’ ಆ ಇಡೀ ರಸ್ತೆಯಲ್ಲಿ ಮೇಲಿನ ಮೆಟ್ಟಿಲು ತೋರಿಸದೆ ಮಾರಿದವನು ಅವನೊಬ್ಬನೇ ಇರಬೇಕು. ಬಿಲ್ಲು ಕೇಳಿದಾಗ ಮಾತ್ರ ಮುಖ ಸ್ವಲ್ಪ ಸಪ್ಪಗಾಯಿತು.

ಮನೆಯಲ್ಲಿ ಅಪ್ಪನ ಪರೀಕ್ಷೆ ಬಾಕಿಯಿತ್ತು. ಬೆಳಿಗ್ಗೆ ಫ್ರಿಜ್ಜು, ಫ್ಯಾನು, ಟಿವಿ, ಎಲ್ಲರ ಫೋನಿನ ಚಾರ್ಜರು ಆರಿಸಿ, ಮಿನಿ ಪಿಸಿಯೊಂದನ್ನೇ ಚಾಲೂ ಇಟ್ಟು, ಕೈಗಡಿಯಾರ ಹಿಡಿದು ಮೆಟ್ಟಿಲ ಕೆಳಗಿನ ಮೀಟರಿನ ಮುಂದೆ ನಿಂತರು. ನಮ್ಮ ಮೀಟರಿನ ಮೇಲೆ 3200 ಎಂದು ಬರೆದಿದೆ. ಕೆಂಪು ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ಟು. ಮೊದಲು ಮೀಟರಿನ ಮೇಲೆ ನಂಬಿಕೆ ಬರಲೆಂದು ಎರಡು ಸಾವಿರ ವ್ಯಾಟಿನ ಗೀಸರ್ ಹಾಕಿಸಿದರು. ದೀಪ ಸೆಕೆಂಡಿಗೆ ಎರಡು ಸಲದ ಹತ್ತಿರ ಪಟಪಟ ಮಿನುಗಿತು. ಗೀಸರ್ ಆರಿಸಿದೆವು. ದೀಪ ಒಮ್ಮೆ ಮಿನುಗಿ ಸುಮ್ಮನಾಯಿತು. ಅಪ್ಪ ಮುಳ್ಳು ನೋಡುತ್ತ ನಿಂತರು. ಹಾಲಿನವನು ಬಂದು, ‘ಕರೆಂಟ್ ಹೋಗಿದ್ಯಾ ಸಾರ್?’ ಎಂದು ಕೇಳಿ ಉತ್ತರ ಬಾರದೆ ಹೋದ. ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ಇರುವಾಗ ದೀಪ ಇನ್ನೊಮ್ಮೆ ಮಿನುಗಿತು.

‘ಹತ್ತು ವ್ಯಾಟು’ ಎಂದರು ಅಪ್ಪ, ಮನಸ್ಸಿನಲ್ಲೇ ಭಾಗಿಸಿ. ‘ಆರು ಅಂದಿದ್ಯಲ್ಲ.’

ತಿಂಗಳಿಡೀ ಬಿಡದೆ ಉರಿದರೆ 7.2 ಯೂನಿಟ್ಟು. ಶೇ. 10ರೊಳಗೆ ಹಿಡಿಸುತ್ತದೆ ಎಂದು ಅನುಮತಿ ಸಿಕ್ಕಿತು. ‘ಝೀರೋ ಬಲ್ಬು ಅಂತಿದ್ರಲ್ಲ, ಅದು ಹನ್ನೆರಡು ಹದಿನೈದು ವ್ಯಾಟು ಎಳೀತಿತ್ತು. ಹಳೇ ಮೀಟರಿಗೆ ಅದು ಗೊತ್ತಾಗ್ತಿರ್ಲಿಲ್ಲ, ಅದಕ್ಕೇ ಝೀರೋ ಅಂದ್ರು. ಇದು ಅದಕ್ಕಿಂತ ವಾಸಿ’ ಎಂದರು. ಪ್ರೊಸೆಸರುಗಳ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಚುಟುಕಾಗಿ, ಇಷ್ಟು ನಂಬುವಂತೆ ಇರಲಿಲ್ಲ.

ಈಗ ಅಪ್ಪ ರಾಜೀವಪ್ಪನನ್ನು ನೋಡುತ್ತಾರೆ. ನಾನು ರಾತ್ರಿ ಮುಸ್ತಫಾ ಆಡುತ್ತೇನೆ. ಕಾಯಿನ್ ಬೇಕಾದರೆ ಒಂದು ಗುಂಡಿ ಒತ್ತಿದರೆ ಸಾಕು, ಹಾಗಾಗಿ ಬಡತನದ ರೋಮಾಂಚನ ಮಾತ್ರ ಸಿಗುವುದಿಲ್ಲ. ಒಟಿಟಿ ನೋಡಲು ಹೆಂಡತಿ ಇದನ್ನು ಮುಟ್ಟುವುದೇ ಇಲ್ಲ, ಅದೂ ಸರಿಯೇ. ಲಿನಕ್ಸ್ ಹಾಕಿದ ಪಿಸಿಯ ಬ್ರೌಸರಿಗೆ ಒಟಿಟಿ ಕಂಪನಿಗಳು, 4ಕೆಗೆ ದುಡ್ಡು ಕಟ್ಟಿದವರಿಗೂ, ನಕಲಿನ ಭಯದಿಂದ 4ಕೆ ಕೊಡುವುದಿಲ್ಲ. 4ಕೆ ಬಿಡಿಸಬಲ್ಲ ಚಿಪ್ಪು ಕೈಕಟ್ಟಿ ಕೂತಿರುತ್ತದೆ, ಟಿವಿಯೊಳಗಿನ ಬಡ ಚಿಪ್ಪಿಗೆ ಆ ಭಾಗ್ಯ. ಅವಳಿಗೆ ಬೇಕಾದ ಒಂದೇ ರಿಮೋಟಿನ ನಿಯಮವೂ ಇದರಿಂದ ಉಳಿಯಿತು. ಭಾಮೈದ ಕೊನೆಗೆ 780ಎಂ ಇರುವ ಡಬ್ಬವನ್ನೇ ಕಂತಿನ ಮೇಲೆ ತಂದುಕೊಂಡ. ಭಾನುವಾರ ಅವನ ಮನೆಗೆ ಹೋದಾಗ ‘ಗಾಡ್ ಆಫ್ ವಾರ್’ ಆಡುತ್ತಿದ್ದ. ಕಂಟ್ರೋಲರು ಎರಡಿದ್ದವು, ಊಟಕ್ಕೆ ಕರೆದರೂ ಏಳಲಿಲ್ಲ. ಅವನು ಕೊಟ್ಟ ಬೆಲೆ ಹೆಚ್ಚಾಯಿತು ಎಂದು ನನಗನ್ನಿಸಲಿಲ್ಲ.

ಆದ್ದರಿಂದ ಮಿನಿ ಪಿಸಿ ಕೊಳ್ಳುವವರು ಗಿಗಾಹರ್ಟ್ಸ್, ಕೋರು, ಸಂಖ್ಯೆಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಹಾಳೆಯಲ್ಲಿ ಆಟಗಳ ಹೆಸರು ಬರೆದುಕೊಳ್ಳಲಿ, ಒಂದೊಂದರ ಮುಂದೆ ಅದು ಬಂದ ವರ್ಷ ಹಾಕಲಿ. ಪಟ್ಟಿಯ ಕೊನೆಯ ವರ್ಷ 2000ಕ್ಕಿಂತ ಹಿಂದಿದ್ದರೆ ಸಿಕ್ಕಿದ ಎನ್100ಕ್ಕೆ ಕೈಮುಗಿದು ತಂದುಕೊಳ್ಳಿ. 2000ದಿಂದ 2006ರೊಳಗಿನ ಪಿಎಸ್2 ಆಟವಿದ್ದರೆ, ನೀವದನ್ನು ಆಡಿದ್ದಿರೋ ಇಲ್ಲ ನಿಂತು ನೋಡಿದ್ದಿರೋ ಎಂದು ನಿಮ್ಮನ್ನೇ ಕೇಳಿಕೊಂಡು, ಮೂರನೆಯ ಅಂಕಿ ನೋಡಿ ರೈಜನ್ ಕೊಳ್ಳಿ. ಅದಕ್ಕೂ ಈಚೆಗಿದ್ದರೆ ಅದು ಹಳೆಯ ಆಟವೇ ಅಲ್ಲ. ನಿಮಗಿನ್ನೂ ವಯಸ್ಸಾಗಿಲ್ಲ, ಸಾಲ ತೀರಿಸಲು ಬೇಕಾದಷ್ಟು ಸರ್ವಿಸ್ ಉಳಿದಿದೆ; ದೊಡ್ಡದನ್ನೇ ತಗೊಳ್ಳಿ.